ತಿಪ್ಪೇಶನ ಮೊದಲ ಗಂಟು

ಕೇಳಿ ಮಕ್ಕಳೇ, ಕಾಡಿನ ಕೊಳದ ಮೇಲೆ ಬಾಗಿದ್ದ ಒಂದು ಜಾಲಿಮರದ ತುಂಬ ಗೀಜಗ ಹಕ್ಕಿಗಳ ಗೂಡು. ಗಂಡು ಗೀಜಗ ಹಸಿ ಹುಲ್ಲು ಸೀಳಿ ತಂದು ಗೂಡು ನೇಯಬೇಕು. ಹೆಣ್ಣು ಬಂದು, ಕೊಕ್ಕಿನಿಂದ ಜಗ್ಗಿ ನೋಡಿ, ಒಪ್ಪಿದರೆ ಮಾತ್ರ ಸಂಸಾರ. ಅದು ಅವರ ಪದ್ಧತಿ.

ಆ ಮರದಲ್ಲಿ ತಿಪ್ಪೇಶ ಎಂಬ ಗೀಜಗನಿದ್ದ. ಎರಡು ಮಳೆಗಾಲ ಗೂಡು ಕಟ್ಟಿದ್ದ, ಎರಡು ಸಲವೂ ಯಾರೂ ಒಪ್ಪಲಿಲ್ಲ. ಪಕ್ಕದ ಗೂಡುಗಳಲ್ಲಿ ಮರಿಗಳು ಚಿಲಿಪಿಲಿ ಅಂದಾಗ ಅವನಿಗೆ ಅಳುವೇ ಬರುತ್ತಿತ್ತು. ಪಾಪ, ಮಾತಿಗೆ ಇದ್ದವಳು ಪೊಟರೆಯ ಅಳಿಲು ಚೌಡಕ್ಕ ಒಬ್ಬಳೇ.

ಮೂರನೇ ಮಳೆಗಾಲ ಬಂತು. ತಿಪ್ಪೇಶ ಕೊಂಬೆಗೆ ಮೊದಲ ಗಂಟು ಹಾಕಿ ಕೂಗಿದ.

"ಚೌಡಕ್ಕಾ, ಹೇಗಿದೆ ನೋಡು! ನಿಜ ಹೇಳು, ಸಂಕೋಚ ಬೇಡ."

ಚೌಡಕ್ಕ ಗಂಟನ್ನು ಮುಟ್ಟಿ ನೋಡಿದಳು. ಆಮೇಲೆ ತಿಪ್ಪೇಶನ ಮುಖ ನೋಡಿದಳು.

"ಅಬ್ಬಬ್ಬಾ! ನಿನ್ನ ಕೊಕ್ಕಿಗೆ ದೃಷ್ಟಿ ತೆಗೀಬೇಕು ಕಣೋ!"

"ಮತ್ತೆ ಹೋದ ವರ್ಷ ಯಾಕೆ ಯಾರೂ ಒಪ್ಪಲಿಲ್ಲ?"

"ಅವರಿಗೆ ಕಣ್ಣಿಲ್ಲ ಬಿಡು!"

ತಿಪ್ಪೇಶನಿಗೆ ಎಷ್ಟು ಖುಷಿ ಅಂತೀರಿ! ಆ ಗಂಟಿನ ಮೇಲೇ ಹದಿನೆಂಟು ದಿನ ನೇಯ್ದ. ಊಟದ ಮೇಲೂ ಗಮನವಿರಲಿಲ್ಲ.

ಮಳೆಗಾಲ ಮುಗಿಯುತ್ತಾ ಬಂದಾಗ ಕೊನೆಗೂ ಒಬ್ಬಳು ಬಂದಳು. ಗೂಡಿನ ಸುತ್ತ ಹಾರಿದಳು, ಒಳಗೆ ಇಣುಕಿದಳು, ಆಮೇಲೆ ಕೊಕ್ಕಿನಿಂದ ಒಂದೇ ಸಲ ಜಗ್ಗಿದಳು. ಗೂಡು ಸರ್ರನೆ ಒಂದು ಗೇಣು ಜಾರಿತು.

"ಅಯ್ಯೋ, ನೇಯ್ಗೆ ಎಷ್ಟು ಚಂದ! ಆದರೆ ಕೊಂಬೆಗೆ ಕಟ್ಟಿದ ಗಂಟೇ ಸಡಿಲ. ಗಾಳಿ ಬೀಸಿದರೆ ನನ್ನ ಮೊಟ್ಟೆ ನೀರುಪಾಲು. ನಿನಗೆ ಯಾರೂ ಹೇಳಲಿಲ್ಲವೇನಪ್ಪಾ?"

ಅಷ್ಟು ಹೇಳಿ ಪಕ್ಕದ ಕೊಂಬೆಯ ಗೂಡಿಗೆ ಹಾರಿದಳು.

ತಿಪ್ಪೇಶ ಹುಲ್ಲುಗಾವಲಿಗೆ ಧಾವಿಸಿದ. ಅಷ್ಟರಲ್ಲಿ ಮಳೆ ಹಿಂದೆಗೆದಿತ್ತು, ಹುಲ್ಲು ಒಣಗಿತ್ತು. ಸೀಳಲು ಹೋದರೆ ಪಟ್ಟನೆ ಮುರಿಯಿತು. ಇನ್ನು ಮುಂದಿನ ಮಳೆಗಾಲದವರೆಗೆ ಏನೂ ಮಾಡುವಂತಿಲ್ಲ.

ಮರಕ್ಕೆ ಮರಳಿ ಚೌಡಕ್ಕನನ್ನು ಕೇಳಿದ, "ಗಂಟು ಸಡಿಲ ಅಂತ ನಿನಗೆ ಗೊತ್ತಿತ್ತಾ?"

ಚೌಡಕ್ಕ ತಲೆ ತಗ್ಗಿಸಿದಳು. "ಗೊತ್ತಿತ್ತು ಕಣೋ. ಮೂರು ವರ್ಷದಿಂದಲೂ ಗೊತ್ತಿತ್ತು. ಹೇಳಿದರೆ ನಿನ್ನ ಮುಖ ಬಾಡುತ್ತಿತ್ತು, ಅದನ್ನು ನೋಡಲಾರದೆ..."

"ಒಂದು ದಿನ ಬಾಡುತ್ತಿತ್ತು ಅಕ್ಕಾ," ಅಂದ ತಿಪ್ಪೇಶ, "ಮಾರನೇ ದಿನ ಗಂಟು ಬಿಗಿ ಮಾಡುತ್ತಿದ್ದೆ."

ತಿಪ್ಪೇಶ ಜಾರಿದ ಗೂಡಿನೊಳಗೆ ಹೋಗಿ ಒಬ್ಬನೇ ಕುಳಿತ.

ನೀತಿ: ಮನಸ್ಸು ನೋಯದಿರಲೆಂದು ಸಿಹಿ ಸುಳ್ಳು ಹೇಳಬೇಡ, ತಿದ್ದಿಕೊಳ್ಳಲು ಹೊತ್ತಿರುವಾಗಲೇ ನಿಜ ಹೇಳುವವನೇ ಗೆಳೆಯ.