ಗೋಡೆಗೆ ಹೊಡೆದ ಸಲಾಂ

“ಉಸ್ತಾದರೇ, ಮಾತುಮಾತಿಗೂ ತಪ್ಪು ಹಿಡಿಯುವವನನ್ನು ಜೊತೆಗೆ ಇಟ್ಟುಕೊಳ್ಳಬೇಕೇ?” ಎಂದು ಹಾಲೇಶ ಕೇಳಿದ.

ಅವನೂ ತಿಪ್ಪೇಶನೂ ಕೂಡಿ ಒಂದು ಬಾಡಿಗೆ ಕಾರು ಓಡಿಸುತ್ತಿದ್ದರು. ಬ್ರೇಕು ತುಳಿದರೂ ತಿಪ್ಪೇಶನದು ಒಂದು ಮಾತು, ತುಳಿಯದಿದ್ದರೂ ಒಂದು ಮಾತು. ಅದೂ ಗಿರಾಕಿಗಳ ಎದುರಿಗೇ. ನಾಳೆ ಬೆಳಿಗ್ಗೆ ‘ನಿನ್ನ ದಾರಿ ನಿನಗೆ’ ಎಂದುಬಿಡಬೇಕೆಂದು ಹಾಲೇಶ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದ; ಅದನ್ನೂ ಉಸ್ತಾದರಿಗೆ ಹೇಳಿದ.

ಇಬ್ಬರಿಗೂ ಸ್ಟೇರಿಂಗ್ ಹಿಡಿಯಲು ಕಲಿಸಿದವರು ಕಾಸಿಂ ಸಾಬರು. ಅವರು ಗಡ್ಡ ನೀವಿಕೊಂಡು ಹೇಳಿದರು:

“ಕಾರು ಕಣ್ಣಿಗೆ ಬೀಳುವ ಮೊದಲೇ, ಬರೀ ಸದ್ದು ಕೇಳಿ ಯಾವ ನಟ್ಟು ಸಡಿಲ ಅಂತ ಹೇಳುತ್ತಿದ್ದವನು ಇಡೀ ಜಿಲ್ಲೆಗೆ ನಾನೊಬ್ಬನೇ. ಕಂಡವರೆಲ್ಲ ತೀರಿಕೊಂಡರು, ಇಲ್ಲದಿದ್ದರೆ ಅವರ ಬಾಯಿಂದಲೇ ಹೇಳಿಸುತ್ತಿದ್ದೆ. ಆಗ ನಾನು ಒಬ್ಬ ವರ್ತಕನ ಕಾರು ಓಡಿಸುತ್ತಿದ್ದೆ. ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ ಮನೆಮಂದಿಯೆಲ್ಲ ಹೊರಟಿದ್ದರು. ಮುಂದೆ ಘಾಟಿ ಇಳಿಯಬೇಕು. ಬಯಲಿನಲ್ಲಿ ಹೋಗುತ್ತಿರುವಾಗ ಕಟಕಟ ಅಂತ ಒಂದು ಸದ್ದು ಶುರುವಾಯಿತು.

‘ಹಳೇ ಕಾರು, ಅಲ್ಲಾಡುತ್ತದೆ. ಮುಹೂರ್ತ ಮೀರಿದರೆ ನೀನು ಬಂದು ತೊಟ್ಟಿಲು ತೂಗುತ್ತೀಯಾ? ನಡೆ, ನಡೆ’ ಅಂದ ವರ್ತಕ.

ಗೇರು ನ್ಯೂಟ್ರಲ್ ಮಾಡಿದೆ. ಎಂಜಿನ್ನಿನ ಸದ್ದು ಇಳಿಯಿತು, ಕಟಕಟ ಇಳಿಯಲಿಲ್ಲ. ಚಕ್ರದ್ದೇ ಅಂತಾಯಿತು. ಆದರೆ ಯಾವ ಚಕ್ರ? ಬಯಲಿನಲ್ಲಿ ಸದ್ದೆಲ್ಲ ಗಾಳಿಪಾಲು. ಅಷ್ಟರಲ್ಲಿ ಎಡಕ್ಕೆ ಒಂದು ಹಳೇ ಮಿಲ್ಲಿನ ಗೋಡೆ ಬಂತು. ಉದ್ದ ಅಂದರೆ ಎಂಥ ಉದ್ದ, ಅದರ ಆ ತುದಿ ಬೇರೆ ತಾಲ್ಲೂಕಿನಲ್ಲಿತ್ತು! ಗಾಜು ಇಳಿಸಿ, ಗೋಡೆಯ ಪಕ್ಕಕ್ಕೇ ನಿಧಾನವಾಗಿ ಬಿಟ್ಟೆ. ನಮ್ಮ ಕಾರಿನ ಸದ್ದು ಗೋಡೆಗೆ ಬಡಿದು ನನ್ನ ಕಿವಿಗೇ ವಾಪಸು ಬಂತು. ಎಡಗಡೆಯ ಮುಂದಿನ ಚಕ್ರ. ಇಳಿದು ನೋಡಿದರೆ ನಟ್ಟುಗಳು ಬೆರಳಿಗೇ ತಿರುಗುತ್ತಿದ್ದವು. ಘಾಟಿಯಲ್ಲಿ ಚಕ್ರ ಒಂದು ಕಡೆ, ನಾವೊಂದು ಕಡೆ ಆಗುತ್ತಿದ್ದೆವು.

ಬಿಗಿ ಮಾಡಿ ಗೋಡೆಗೆ ಒಂದು ಸಲಾಂ ಹೊಡೆದೆ. ವರ್ತಕ ನಗಲಿಲ್ಲ. ಅವನ ಹೆಂಡತಿ ಇಳಿದು ಬಂದು, ತೊಟ್ಟಿಲಿಗೆಂದು ತಂದಿದ್ದ ಹೂವಿನಲ್ಲಿ ಒಂದು ಮೊಳ ಆ ಗೋಡೆಯ ಬುಡಕ್ಕೆ ಇಟ್ಟಳು.”

ಹಾಲೇಶ ಗಹಗಹಿಸಿ ನಕ್ಕ. “ಅಲ್ಲ ಉಸ್ತಾದರೇ, ಕಾರು ಕಾಣುವ ಮೊದಲೇ ನಟ್ಟು ಹೇಳುವವರಿಗೆ ಗೋಡೆ ಯಾಕೆ ಬೇಕಾಯಿತು?”

ಸಾಬರು ಭುಜ ಕುಣಿಸಿದರು.

“ಸಿಕ್ಕಿಬಿದ್ದೆ, ಬಿಡು. ಈಗ ನೀನೇ ಹೇಳು, ನನ್ನ ತಪ್ಪು ಹಿಡಿದ ನಿನಗೆ ‘ನಿನ್ನ ದಾರಿ ನಿನಗೆ’ ಅನ್ನಲೋ, ಸಲಾಂ ಹೊಡೆಯಲೋ?”

ಹಾಲೇಶನ ನಗು ಅಲ್ಲೇ ನಿಂತಿತು.