ಜೋಯಿಸನ ಕಂಪ್ಯೂಟರಿಗೆ ಹತ್ತಿದ ದೋಷ

“ದಿನವೂ ತೊಳೆಯುತ್ತೇನೆ, ದಿನವೂ ಕೊಳೆ ಹೆಚ್ಚುತ್ತದೆ. ಇದು ಏಕೆ, ಗುರುಗಳೇ?” ಎಂದು ಯಜ್ಞೇಶ ಕೇಳಿದ.

ಅವನು ಹೇಳುತ್ತಿದ್ದದ್ದು ಮನಸ್ಸಿನ ಕೊಳೆಯ ಮಾತು. ಪಾಠಶಾಲೆಯಲ್ಲಿ ಅಧ್ಯಯನ ಮುಗಿಸಿದ ಮೇಲೆ ಅವನಿಗೊಂದು ಅಭ್ಯಾಸ ಹತ್ತಿಕೊಂಡಿತ್ತು. ಸಂಜೆಯ ಸಂಧ್ಯಾವಂದನೆ ಮುಗಿಸಿ ಒಂದು ಮೂಲೆಯಲ್ಲಿ ಕೂರುವುದು, ಅಂದು ಮನಸ್ಸಿನಲ್ಲಿ ಸುಳಿದ ಕೆಟ್ಟ ಯೋಚನೆಗಳನ್ನು ಹುಡುಕಿ ಹುಡುಕಿ ತೆಗೆಯುವುದು, ಒಂದೊಂದಕ್ಕೂ ಒಂದು ಪ್ರಾಯಶ್ಚಿತ್ತ ಮಾಡುವುದು. ಮೊದಮೊದಲು ಒಂದು ಹೊತ್ತಿನ ಊಟ ಬಿಡುತ್ತಿದ್ದ. ಆಮೇಲೆ ಎರಡು ಹೊತ್ತಿನದು. ಈಗ ಜೊತೆಯವರೊಡನೆ ಮಾತೂ ಬಿಟ್ಟು, ನಿದ್ದೆಯೂ ಬಿಟ್ಟು, ಕಣ್ಣು ಗುಳಿಬಿದ್ದು ಕುಳಿತಿದ್ದ. ಮರುದಿನ ಹೊಸ ಮಕ್ಕಳಿಗೆ ಅವನೇ ಮೊದಲ ಪಾಠ ಹೇಳಬೇಕೆಂದು ಗುರುಗಳು ಗೊತ್ತುಮಾಡಿದ್ದರು. ಇಷ್ಟು ಕೊಳಕು ಮನಸ್ಸಿನವನು ಮಕ್ಕಳ ಮುಂದೆ ಕೂರಬಾರದು, ತನ್ನನ್ನು ಊರಿಗೆ ಕಳಿಸಿಬಿಡಿ ಎಂದು ಬೇಡಿಕೊಳ್ಳಲು ಅವನು ಬಂದಿದ್ದ.

ಗುರುಗಳಾದ ಸೀತಾರಾಮ ಅವಧಾನಿಗಳಿಗೆ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಶಾಸ್ತ್ರ ಹೇಳಿದ್ದಾಗಿತ್ತು, ಗದರಿದ್ದಾಗಿತ್ತು, ಪಾಯಸ ಮಾಡಿಸಿ ಉಣ್ಣಿಸಿದ್ದೂ ಆಗಿತ್ತು. ಆ ಪಾಯಸ ರುಚಿಯೆನಿಸಿತೆಂದು ಅವನು ಇನ್ನೊಂದು ಉಪವಾಸ ಮಾಡಿದ್ದ. ಅವಧಾನಿಗಳು ಗೋಡೆಗೆ ಒರಗಿ, ಕಾಲು ಚಾಚಿಕೊಂಡು, ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಜೋಯಿಸನಿದ್ದ. ಜಗಲಿಯಲ್ಲಿ ಕೂತು ಬಂದವರ ಜಾತಕ ನೋಡುವುದು, ವರ್ಷಕ್ಕೊಂದು ಪಂಚಾಂಗ ಬರೆದು ಅಚ್ಚು ಹಾಕಿಸುವುದು, ಇದು ಅವನ ಕಸುಬು. ಅವನ ಅಪ್ಪ ಗಣಿತವನ್ನೆಲ್ಲ ಕೈಯಲ್ಲೇ ಮಾಡುತ್ತಿದ್ದ. ಇವನ ಕಾಲಕ್ಕೆ ಕಂಪ್ಯೂಟರ್ ಬಂತು. ತಿಥಿ, ನಕ್ಷತ್ರ, ಯೋಗ, ಕರಣ ಎಲ್ಲವನ್ನೂ ಅದರಲ್ಲೇ ಹೊಂದಿಸಿ, ಪುಟ ಕಟ್ಟಿ ಪ್ರೆಸ್ಸಿಗೆ ಕಳಿಸುತ್ತಿದ್ದ. ಹೊಸ ಪಂಚಾಂಗವನ್ನು ಯುಗಾದಿಯ ದಿನ ದೇವರ ಮುಂದೆ ಓದಬೇಕು. ಹಬ್ಬ ಕಳೆದ ಮೇಲೆ ಬಂದ ಪಂಚಾಂಗವನ್ನು ಕೊಳ್ಳುವವರಿಲ್ಲ. ಪುಟಗಳು ಹೊತ್ತಿಗೆ ಸರಿಯಾಗಿ ಪ್ರೆಸ್ಸು ಸೇರದಿದ್ದರೆ ಆ ಮನೆಗೆ ಆ ವರ್ಷದ ಅನ್ನವಿಲ್ಲ.

ಜೋಯಿಸ ಬಹಳ ಎಚ್ಚರದ ಮನುಷ್ಯ. ಒಂದು ವಿಘಳಿಗೆ ಹೆಚ್ಚುಕಮ್ಮಿಯಾದರೂ ಇಡೀ ಪುಟವನ್ನು ಮತ್ತೆ ನೋಡುತ್ತಿದ್ದ. ಇಂಥವನು ಆ ವರ್ಷ ಮುಖಪುಟ ಚಂದವಾಗಲೆಂದು, ಪುಕ್ಕಟೆ ಸಿಗುವ ಒಂದು ಬಗೆಯ ಅಕ್ಷರಗಳನ್ನು, ಫಾಂಟ್ ಎನ್ನುತ್ತಾರಲ್ಲ ಅದನ್ನು, ಇಂಟರ್ನೆಟ್ಟಿನಿಂದ ಇಳಿಸಿಕೊಂಡ. ಕೆಳಗೆ ಸಣ್ಣದಾಗಿ ಒಂದು ಸಾಲಿತ್ತು. ಇದರ ಜೊತೆಗೆ ಇನ್ನೊಂದು ತಂತ್ರಾಂಶವನ್ನೂ ಹಾಕಿಕೊಳ್ಳುತ್ತೇನೆ ಎಂಬ ಸಾಲು. ಒಪ್ಪಿಗೆಯ ಗುರುತನ್ನೂ ಅಕ್ಷರ ಕೊಟ್ಟವರೇ ಹಾಕಿ ಇಟ್ಟಿದ್ದರು. ಪಂಚಾಂಗದ ಪುಟವಾಗಿದ್ದರೆ ಆ ಸಾಲನ್ನು ನಾಲ್ಕು ಸಲ ಓದುತ್ತಿದ್ದ. ಇದು ಪಂಚಾಂಗವಲ್ಲವಲ್ಲ. ಮುಂದೆ, ಮುಂದೆ, ಮುಂದೆ ಎಂದು ಒತ್ತುತ್ತ ಹೋದ.

ಮರುದಿನ ಕಂಪ್ಯೂಟರ್ ಹಚ್ಚಿದರೆ ಪರದೆಯ ತುಂಬ ಕೆಂಪು. ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ, ಪರಿಹಾರಕ್ಕೆ ಇಲ್ಲಿ ಒತ್ತಿ ಎಂದು ಬರೆದಿತ್ತು. ಬೇರೆಯವನಾಗಿದ್ದರೆ ಇದ್ಯಾರಪ್ಪ ಹೇಳುವುದಕ್ಕೆ ಎಂದು ಕೇಳುತ್ತಿದ್ದನೋ ಏನೋ. ಜೋಯಿಸನಿಗೆ ಹಾಗೆ ಕೇಳಲು ತೋಚಲಿಲ್ಲ. ದೋಷ ಉಂಟು, ಅದಕ್ಕೆ ಪರಿಹಾರವೂ ಉಂಟು ಎಂಬ ಮಾತಿನ ಮೇಲೇ ಅವನ ಮನೆ ನಡೆದು ಬಂದಿತ್ತು. ತಾನು ಜಗಲಿಯಲ್ಲಿ ಕೂತು ಜನರಿಗೆ ಹೇಳುವುದನ್ನೇ ಯಾರೋ ತನಗೆ ಹೇಳಿದಂತಾಯಿತು. ಭಕ್ತಿಯಿಂದಲೇ ಒತ್ತಿದ.

ಪರಿಹಾರಕ್ಕೆ ದುಡ್ಡು ಕೇಳಿತು. ಅದೂ ಅವನಿಗೆ ಹೊಸದಲ್ಲ. ಬ್ಯಾಂಕಿನ ಕಾರ್ಡಿನ ನಂಬರು ಕೊಟ್ಟ. ಪರದೆ ಹಸಿರಾಯಿತು. ಕೆಲವು ದಿನ ಕಳೆದು ಮತ್ತೆ ಕೆಂಪಾಯಿತು. ಈ ಸಲ ಮೊದಲಿಗಿಂತ ಹೆಚ್ಚು ದೋಷ, ಇವು ಆಳಕ್ಕೆ ಇಳಿದವು, ಇವಕ್ಕೆ ದೊಡ್ಡ ಪರಿಹಾರವೇ ಆಗಬೇಕು ಎಂದಿತು. ಅಷ್ಟು ಹೊತ್ತಿಗೆ ಕಂಪ್ಯೂಟರು ತೆವಳತೊಡಗಿತ್ತು. ಒಂದು ಪುಟ ತೆರೆಯುವಷ್ಟರಲ್ಲಿ ಅವನು ಸ್ನಾನ ಮುಗಿಸಿ ಬರಬಹುದಿತ್ತು. ಒಂದು ಬೆಳಿಗ್ಗೆ, ಇಲ್ಲಿ ಒಂದೇ ತರಹದ ಬೇಡದ ಕಡತಗಳಿವೆ, ತೆಗೆಯಲೇ ಎಂದು ಕೇಳಿತು. ತೆಗೆ ಎಂದ. ಪಂಚಾಂಗದ ಪುಟಗಳು ನೋಡುವುದಕ್ಕೆ ಎಲ್ಲವೂ ಒಂದೇ ತರಹ ತಾನೇ? ಆಷಾಢ ಮಾಸ ಪೂರ್ತಿ ಅಳಿಸಿಹೋಯಿತು.

ಜೋಯಿಸ ಆಷಾಢವನ್ನು ಮತ್ತೆ ಮೊದಲಿನಿಂದ ಕಟ್ಟಲು ಕೂತ. ಬೆನ್ನು ಹಿಡಿದುಕೊಂಡಿತು, ಕಣ್ಣು ಉರಿಯತೊಡಗಿತು. ಯುಗಾದಿ ಹತ್ತಿರ ಬರುತ್ತಿತ್ತು. ಹೆಂಡತಿ ಕಾಫಿ ತಂದಿಟ್ಟು, ಮುಗಿದ ಕೆಲಸವನ್ನು ಮತ್ತೇಕೆ ಹಿಡಿದಿರಿ ಎಂದು ವಿಚಾರಿಸಿದಳು. ಅವನು ನಡೆದದ್ದನ್ನು ಹೇಳಿದ.

“ಹೋಗ್ಲಿ ಬಿಡಿ, ಆಷಾಢದಲ್ಲಿ ಮದುವೆ ಮುಂಜಿ ಹೇಗೂ ಇಲ್ಲ” ಎಂದಳು ಅವಳು.

ಜೋಯಿಸ ನಗಲಿಲ್ಲ. ನಗುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಅದನ್ನು ನೋಡಿ ಅವಳಿಗೆ ರೇಗಿತು.

“ಅಲ್ಲಾರೀ, ದಿನಾ ಬೆಳಿಗ್ಗೆ ಎದ್ದು ಅದರ ಹತ್ರ ಬೈಸಿಕೊಂಡು ಕೈ ಮುಗೀತೀರಲ್ಲ, ನಾನೊಂದು ಮಾತು ಅಂದ್ರೆ ಮಾತ್ರ ನಿಮಗೆ ಬಿ.ಪಿ. ಏರತ್ತೆ.”

“ಅದು ನನ್ನ ಒಳ್ಳೇದಕ್ಕೇ ಹೇಳೋದು ಕಣೇ. ದೋಷ ಇದ್ರೆ ಇದೆ ಅನ್ನಬಾರದಾ?”

“ಜಗಲಿಗೆ ಬಂದೋರಿಗೆ, ಹುಟ್ಟಿದ ಹೊತ್ತು ಕೇಳದೆ ನೀವು ಯಾವತ್ತಾದ್ರೂ ದೋಷ ಹೇಳಿದ್ದೀರಾ? ಅದು ನಿಮ್ಮನ್ನ ಏನು ಕೇಳ್ತು?”

ಅವಳು ಒಳಗೆ ಹೋದಳು. ಜೋಯಿಸ ಕಾಫಿ ಕುಡಿಯುವುದನ್ನು ಮರೆತು ಕೂತ.

ಜೋಯಿಸರನ್ನು ಪರೀಕ್ಷಿಸಲು ಹಳ್ಳಿಯ ಜನ ಒಂದು ಉಪಾಯ ಮಾಡುವುದುಂಟು. ಕರು ಹುಟ್ಟಿದ ಹೊತ್ತನ್ನು ಕೊಟ್ಟು, ಇದು ನಮ್ಮ ಹುಡುಗಿಯ ಜಾತಕ, ಮದುವೆ ಏಕೆ ತಡವಾಗುತ್ತಿದೆ ನೋಡಿ ಎನ್ನುತ್ತಾರೆ. ಕರುವಿಗೂ ಕುಜದೋಷ ಹೇಳಿ ಶಾಂತಿ ಮಾಡಿಸಿ ಎಂದವನ ಬಣ್ಣ ಅಲ್ಲಿಗೆ ಬಯಲಾಗುತ್ತದೆ. ಅದು ಈಗ ಅವನ ನೆನಪಿಗೆ ಬಂತು. ಎದ್ದು ಪೇಟೆಗೆ ಹೋಗಿ ಒಂದು ಹೊಸ ಪೆನ್ ಡ್ರೈವ್ ತಂದ. ಅದರೊಳಗೆ ಒಂದಕ್ಷರವೂ ಇರಲಿಲ್ಲ. ಕಂಪ್ಯೂಟರಿಗೆ ಚುಚ್ಚಿ, ಇದನ್ನು ನೋಡು ಎಂದು ಅದಕ್ಕೆ ಒಪ್ಪಿಸಿದ. ಅದು ಸ್ವಲ್ಪ ಹೊತ್ತು ಹುಡುಕಿದಂತೆ ಮಾಡಿತು. ಆಮೇಲೆ ಪರದೆ ಕೆಂಪಾಯಿತು. ಬರಿದಾದ ಪೆನ್ ಡ್ರೈವಿನಲ್ಲಿ ಗಂಭೀರವಾದ ದೋಷಗಳಿವೆಯಂತೆ, ಕೂಡಲೇ ಪರಿಹಾರ ಮಾಡಿಸಬೇಕಂತೆ.

ಕಳ್ಳನ ಗುರುತು ಸಿಕ್ಕಿತು. ಇನ್ನು ಹೊರಗೆ ಹಾಕಬೇಕು. ಜೋಯಿಸ ಸಿಟ್ಟಿನಲ್ಲಿ ಪರದೆಯ ಮೇಲಿದ್ದ ಅದರ ಚಿತ್ರವನ್ನು ಎಳೆದು ಕಸದ ಬುಟ್ಟಿಗೆ ಹಾಕಿದ. ಮರುದಿನ ಮತ್ತೆ ಕೆಂಪು. ಬಾಗಿಲಿಗೆ ಹಾಕಿದ್ದ ಹೆಸರಿನ ಹಲಗೆಯನ್ನು ಕಿತ್ತರೆ ಒಳಗಿದ್ದವನು ಹೋದಾನೆಯೇ? ಆಗ ಅವನು ಉಳಿದ ಪುಟಗಳನ್ನೆಲ್ಲ ಆ ಪೆನ್ ಡ್ರೈವಿಗೆ ನಕಲು ಮಾಡಿ ಎತ್ತಿಟ್ಟುಕೊಂಡ. ಇಂಟರ್ನೆಟ್ಟಿನ ತಂತಿ ಕಿತ್ತ. ಕಂಟ್ರೋಲ್ ಪ್ಯಾನೆಲ್ ತೆರೆದು, ಕಂಪ್ಯೂಟರಿನಲ್ಲಿ ನೆಲಸಿರುವ ತಂತ್ರಾಂಶಗಳನ್ನು ಒಂದೊಂದಾಗಿ ನೋಡುತ್ತ ಬಂದ. ಆ ಚಂದದ ಅಕ್ಷರಗಳು ಬಂದ ದಿನವೇ ಈ ದೋಷ ಹೇಳುವ ತಂತ್ರಾಂಶವೂ ಬಂದಿತ್ತು. ಕರೆದವರು ಯಾರೆಂದು ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ತೆಗೆ ಎಂದು ಒತ್ತಿದ. ಅದು ಅಷ್ಟು ಸುಲಭಕ್ಕೆ ಏಳಲಿಲ್ಲ. ನಾನು ಹೋದರೆ ನಿಮಗೆ ರಕ್ಷಣೆ ಯಾರು ಎಂದಿತು. ದೋಷಗಳೆಲ್ಲ ಹಾಗೇ ಉಳಿದಿವೆ, ಈಗ ತೆಗೆಯುವುದು ಕ್ಷೇಮವೇ ಎಂದಿತು. ಇರಲಿ ಎಂಬುದು ದೊಡ್ಡದಾಗಿ ಹಸಿರಾಗಿತ್ತು, ಹೋಗು ಎಂಬುದು ಮಸುಕಾಗಿ ಮೂಲೆಯಲ್ಲಿತ್ತು. ನಿಜ ಹೇಳಬೇಕೆಂದರೆ ಅವನ ಬೆರಳು ಒಂದು ಗಳಿಗೆ ತಡೆಯಿತು. ಇಷ್ಟು ದಿನ ಹೆದರಿಸಿದ್ದು ಅಷ್ಟು ಬೇಗ ಮೈಬಿಟ್ಟು ಹೋಗುವುದಿಲ್ಲ. ಈ ಸಲ ಅವನು ಪ್ರತಿ ಸಾಲನ್ನೂ ಪಂಚಾಂಗದಂತೆ ಓದಿದ, ಓದಿ ಮೂಲೆಯಲ್ಲಿದ್ದದ್ದನ್ನೇ ಒತ್ತಿದ. ಕಂಪ್ಯೂಟರ್ ಹಚ್ಚುತ್ತಲೇ ಏಳುವ ತಂತ್ರಾಂಶಗಳ ನಡುವೆ ಅದರ ಬಾಲವೊಂದು ಉಳಿದಿತ್ತು, ಅದನ್ನೂ ತೆಗೆದ. ಬ್ರೌಸರಿನಲ್ಲಿ ಅದು ಅಂಟಿಸಿ ಹೋಗಿದ್ದದ್ದನ್ನು ಕಿತ್ತ. ಕಂಪ್ಯೂಟರಿನ ಜೊತೆಗೇ ಬಂದಿದ್ದ ಭದ್ರತಾ ತಂತ್ರಾಂಶದಿಂದ ಒಂದು ಸಲ ಪೂರ್ತಿ ತಪಾಸಣೆ ಮಾಡಿಸಿದ. ಕಾರ್ಡನ್ನು ನಿಲ್ಲಿಸಿ ಎಂದು ಬ್ಯಾಂಕಿಗೆ ಫೋನು ಮಾಡಿದ. ಪಾಸ್‌ವರ್ಡುಗಳನ್ನು ಬದಲಾಯಿಸಿದ.

ಮತ್ತೆ ಹಚ್ಚಿದಾಗ ಪರದೆ ಸುಮ್ಮನಿತ್ತು. ಕೆಂಪೂ ಇಲ್ಲ, ಹಸಿರೂ ಇಲ್ಲ. ಕಂಪ್ಯೂಟರೇನು ಹೊಸದಾಗಿರಲಿಲ್ಲ. ಒಳಗಿನ ಫ್ಯಾನು ಮೊದಲಿನಂತೆಯೇ ಕಿರುಗುಟ್ಟುತ್ತಿತ್ತು, ಒಂದೆರಡು ಕೀಲಿಗಳು ಮೊದಲಿನಂತೆಯೇ ಅಂಟಿಕೊಳ್ಳುತ್ತಿದ್ದವು. ಆದರೆ ಪುಟ ತೆರೆ ಎಂದರೆ ತೆರೆಯಿತು. ಜೋಯಿಸನಿಗೆ ಗೆದ್ದೆನೆಂಬ ಸಂತೋಷವೇನೂ ಆಗಲಿಲ್ಲ. ಬಹಳ ದಣಿದಿದ್ದ. ಕುರ್ಚಿಯಲ್ಲೇ ಒಂದು ನಿದ್ದೆ ತೆಗೆದು, ಎದ್ದು, ಆಷಾಢವನ್ನು ಮುಗಿಸಿದ. ಯುಗಾದಿಯ ಬೆಳಿಗ್ಗೆ ಊರಿನವರು ಅವನ ಪಂಚಾಂಗವನ್ನೇ ಓದಿದರು.

ಅವಧಾನಿಗಳು ಇಷ್ಟಕ್ಕೆ ನಿಲ್ಲಿಸಿದರು. ಕತೆ ಮುಗಿದಿದೆಯೆಂದು ಯಜ್ಞೇಶನಿಗೆ ಅನ್ನಿಸಲಿಲ್ಲ.

“ಹಾಗಾದರೆ ಆ ಕಂಪ್ಯೂಟರಿನಲ್ಲಿ ದೋಷವೇ ಇರಲಿಲ್ಲವೇ, ಗುರುಗಳೇ?” ಎಂದು ಕೇಳಿದ.

“ಒಂದಿತ್ತಪ್ಪ, ಉಳಿದವನ್ನೆಲ್ಲ ಎಣಿಸುತ್ತಿದ್ದದ್ದು ಅದೇ” ಎಂದರು ಅವಧಾನಿಗಳು.

ಆ ರಾತ್ರಿ ಯಜ್ಞೇಶ ಮನಸ್ಸಿನ ಕೊಳೆ ಹುಡುಕಲು ಮೂಲೆಯಲ್ಲಿ ಕೂರಲಿಲ್ಲ, ಉಂಡು ಮಲಗಿ, ಬೆಳಿಗ್ಗೆ ಎದ್ದು ಮಕ್ಕಳಿಗೆ ಮೊದಲ ಪಾಠ ಹೇಳಿದ.