ಹೊಸ ಕಾರಿನ ಮೇಲೆ ಸುತ್ತು ಗೀರು

ಅಪಾರ್ಟ್‌ಮೆಂಟಿನ ಕಾರುಗಳನ್ನೆಲ್ಲ ತೊಳೆಯುವ ದೇವೀರಮ್ಮನ ಮೇಲೆ ಸಂಘದ ಅಧ್ಯಕ್ಷ ಪರಶಿವಯ್ಯನವರು ಹರಿಹಾಯ್ದರು. "ನನ್ನ ಹೊಸ ಕಪ್ಪು ಕಾರಿನ ತುಂಬ ಸುತ್ತು ಸುತ್ತು ಗೀರು! ಎಲ್ಲ ನಿನ್ನ ಹಾಳು ಬಟ್ಟೆಯದೇ ಕೆಲಸ. ನಾಳೆ ಎಲ್ಲರೆದುರು ತೋರಿಸಿ ನಿನ್ನ ಗೇಟಿನಾಚೆ ಹಾಕಿಸ್ತೀನಿ."

ದೇವೀರಮ್ಮನಿಗೆ ಮೈ ಉರಿದುಹೋಯಿತು. ಉಳಿದ ಯಾವ ಕಾರಿಗೂ ಬೀಳದ ಗೀರು ಇವರದಕ್ಕೆ ಮಾತ್ರ ಬೀಳುತ್ತದೆಯೇ? ಸಂಜೆ ರಸ್ತೆಯ ಧೂಳು ಹೊತ್ತು ಬಂದ ಕಾರನ್ನು ಅವರೇ ಒರೆಸುವುದನ್ನು ಅವಳು ಕಂಡಿದ್ದಳು. ಆದರೆ ಕೆಲಸದವಳು ಹೇಳಿದರೆ ಯಾರು ನಂಬುತ್ತಾರೆ? ಅವಳು ವಾದಕ್ಕಿಳಿಯಲಿಲ್ಲ. ಮರುದಿನ ಆ ಕಾರೊಂದನ್ನು ಮಾತ್ರ ತೊಳೆಯದೆ, ರಾತ್ರಿಯೆಲ್ಲ ಮತ್ತೆ ಧೂಳು ಕೂತಿದ್ದ ಹಾಗೇ ಬಿಟ್ಟಳು.

ಜನ ಸೇರಿದರು. ದೇವೀರಮ್ಮ ಬಾನೆಟ್ಟಿನ ಮೇಲೆ ಬಗ್ಗಿ, "ಎಲ್ಲಿ ಸ್ವಾಮಿ ಗೀರು? ಈ ಧೂಳಲ್ಲಿ ನಂಗೇನೂ ಕಾಣ್ತಿಲ್ವಲ್ಲ," ಎಂದಳು.

"ಕಣ್ಣಿಲ್ವೇನೇ ನಿಂಗೆ?" ಎನ್ನುತ್ತ ಅಧ್ಯಕ್ಷರು ಅಭ್ಯಾಸಬಲದಿಂದ ಡಿಕ್ಕಿ ತೆರೆದರು. ಸಭೆ ಸಮಾರಂಭಗಳಲ್ಲಿ ಅವರಿಗೆ ಹೊದಿಸಿದ ಶಾಲುಗಳೆಲ್ಲ ಅಲ್ಲಿದ್ದವು. ಒಂದನ್ನು ಮುದ್ದೆ ಮಾಡಿ ಒಣ ಧೂಳಿನ ಮೇಲೆ ಗರಗರನೆ ತಿಕ್ಕಿದರು. ಜರಿಯಂಚು ಕರಕರ ಎಂದಿತು. "ಈಗ ನೋಡ್ರೀ ಎಲ್ಲ!"

ಎಲ್ಲರೂ ನೋಡಿದರು. ಕೈ ಆಡಿದ ಕಡೆಯೆಲ್ಲ ಹೊಸ ಸುತ್ತುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ವಾಚ್‌ಮನ್ ಮುಖ ತಿರುಗಿಸಿ ನಕ್ಕ. ಅಧ್ಯಕ್ಷರ ಶಾಲು ಮೆಲ್ಲಗೆ ಬೆನ್ನ ಹಿಂದೆ ಸರಿಯಿತು.

"ತೆಳು ಗೀರು ಸ್ವಾಮಿ, ಪಾಲಿಶ್ ಹಾಕಿ ಮೆತ್ತನೆ ಬಟ್ಟೇಲಿ ತಿಕ್ಕಿದ್ರೆ ಹೋಗತ್ತೆ. ನಾನೇ ಮಾಡಿಕೊಡ್ತೀನಿ," ಎಂದಳು ದೇವೀರಮ್ಮ. "ನೀವು ಮಾತ್ರ ಕಾರಿಗೆ ದಿನಾ ಸನ್ಮಾನ ಮಾಡೋದು ನಿಲ್ಲಿಸಿ."